ಈ ಪಾಠ ಯಾವ ಪ್ರಶ್ನೆಗೆ ಉತ್ತರ?

ಆರನೇ ಕ್ಲಾಸಿನ ಹುಡುಗ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಆಚೆ, ಬಸ್ಸಿಳಿದು ಇನ್ನೂ ಅರ್ಧ ಗಂಟೆ ನಡೆಯಬೇಕಾದ ಊರಿನವನು. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ತೋಡುವ ಸುರಂಗದ ಬಗ್ಗೆ ನಾನೇ ಬರೆದು ಕೊಟ್ಟಿದ್ದ ಒಂದು ಪುಟವನ್ನು ಗಟ್ಟಿಯಾಗಿ ಓದಿದ. ಒತ್ತಕ್ಷರ ತಪ್ಪಲಿಲ್ಲ, ಎಲ್ಲೂ ತಡವರಿಸಲಿಲ್ಲ. ಓದಿ ಆದ ಮೇಲೆ ಕೇಳಿದೆ:

"ಇದರಲ್ಲಿ ಎಂತ ಹೇಳಿದ್ದಾರೆ?"

"ಸುರಂಗ, ಟೀಚರ್."

"ಸುರಂಗದ ಬಗ್ಗೆ ಎಂತ?"

ಅವನು ಮತ್ತೆ ಪುಟ ನೋಡಿದ. ಮೇಲಿನಿಂದ ಕೆಳಗೆ ಕಣ್ಣು ಓಡಿಸಿದ. "ತುಂಬ ಉಂಟು ಟೀಚರ್" ಅಂದ.

ಹುಡುಗ ದಡ್ಡನಲ್ಲ. ಅವನ ಮನೆಯಲ್ಲೇ ಎರಡು ಸುರಂಗ ಇವೆ. ಪುಟದಲ್ಲಿದ್ದ ಪ್ರತಿ ಪದವೂ ಅವನಿಗೆ ಗೊತ್ತಿತ್ತು. ಆದರೂ ಓದಿದ್ದು ಅವನ ತಲೆಯಲ್ಲಿ ಒಂದು ರಾಶಿಯಾಗಿ ಬಿದ್ದಿತ್ತು. ಅಂಗಳದಲ್ಲಿ ಸುರಿದ ಅಡಿಕೆ ಹಾಗೆ. ಎಲ್ಲ ಇದೆ, ಯಾವುದು ಎಲ್ಲಿ ಅಂತ ಗೊತ್ತಿಲ್ಲ.

ಇದೇ ಹುಡುಗ ಯಕ್ಷಗಾನಕ್ಕೆ ಹೋದರೆ ಕಥೆ ಬೇರೆ. ನಡುರಾತ್ರಿ ಅಮ್ಮನ ಮಡಿಲಲ್ಲಿ ನಿದ್ದೆ ಮಾಡಿರುತ್ತಾನೆ. ಚೆಂಡೆಯ ಪೆಟ್ಟು ಬದಲಾದ ಕೂಡಲೇ ಎದ್ದು ಕೂರುತ್ತಾನೆ. ಬಣ್ಣದ ವೇಷ ಬರುತ್ತದೆ ಅಂತ ಅವನಿಗೆ ಕಣ್ಣು ಬಿಡುವ ಮೊದಲೇ ಗೊತ್ತು. ಆಟದ ಹೆಣಿಗೆ, ಅಂದರೆ ಅದನ್ನು ಕಟ್ಟಿದ ರೀತಿ, ಅವನಿಗೆ ರಕ್ತದಲ್ಲೇ ಇದೆ. ಕಥೆಯದ್ದೂ ಹಾಗೆಯೇ. ಒಬ್ಬನಿಗೆ ಏನೋ ಬೇಕು, ಏನೋ ಅಡ್ಡ ಬರುತ್ತದೆ, ಕೊನೆಗೆ ಒಂದು ದಾರಿ ಆಗುತ್ತದೆ. ಅಜ್ಜಿ ಹೇಳಿದ ನೂರು ಕಥೆಗಳಿಂದ ಮಕ್ಕಳು ಇದನ್ನು ಕಲಿತುಬಿಟ್ಟಿರುತ್ತಾರೆ.

ಕಥೆಯಲ್ಲದ ಬರಹಕ್ಕೂ ಹೆಣಿಗೆ ಇದೆ. ವಿಜ್ಞಾನದ ಪಾಠ, ಸಮಾಜದ ಪಾಠ, ಪೇಪರಿನ ವರದಿ, ಮದ್ದಿನ ಡಬ್ಬಿಯ ಮೇಲಿನ ಸೂಚನೆ, ಎಲ್ಲದಕ್ಕೂ. ತೊಂದರೆ ಏನೆಂದರೆ, ಅದು ಒಂದೇ ಬಗೆಯದಲ್ಲ. ಅದನ್ನು ಮನೆಯಲ್ಲಿ ಯಾರೂ ಬಾಯಿಮಾತಲ್ಲಿ ಹೇಳಿಕೊಟ್ಟಿರುವುದಿಲ್ಲ. ಶಾಲೆಯಲ್ಲೂ ನಾವು ಹೇಳಿಕೊಡುವುದು ಕಡಿಮೆ. ಪಾಠ ಓದಿಸುತ್ತೇವೆ, ಕಠಿಣ ಪದಗಳ ಅರ್ಥ ಬರೆಸುತ್ತೇವೆ, ಪ್ರಶ್ನೋತ್ತರ ಬರೆಸುತ್ತೇವೆ. ಪಾಠ ಹೇಗೆ ಕಟ್ಟಿದೆ ಅಂತ ತೋರಿಸುವುದಿಲ್ಲ. ನಾನೂ ಎಷ್ಟೋ ವರ್ಷ ತೋರಿಸಲಿಲ್ಲ.

ಆ ಹುಡುಗನ ನಂತರ ನಾನು ಕೇಳುವ ಪ್ರಶ್ನೆ ಬದಲಾಯಿತು. "ಇದರಲ್ಲಿ ಎಂತ ಇದೆ?" ಅಂತ ಕೇಳುವುದನ್ನು ಬಿಟ್ಟೆ. "ಇದನ್ನು ಬರೆದವರ ಹತ್ತಿರ ಯಾರೋ ಒಂದು ಪ್ರಶ್ನೆ ಕೇಳಿದ್ದಾರೆ ಅಂತ ಇಟ್ಟುಕೋ. ಆ ಪ್ರಶ್ನೆ ಯಾವುದು?" ಅಂತ ಕೇಳತೊಡಗಿದೆ. ಮಕ್ಕಳಿಗೆ ಇದು ಆಟದ ಹಾಗೆ. ಉತ್ತರ ಕೈಯಲ್ಲಿದೆ, ಪ್ರಶ್ನೆ ಹುಡುಕಬೇಕು.

ಸುರಂಗವನ್ನೇ ತೆಗೆದುಕೊಳ್ಳೋಣ. ನಮ್ಮ ಕಾಸರಗೋಡಿನ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿಲ್ಲ. ಒಂದೇ ಸುರಂಗದ ಬಗ್ಗೆ ಐದು ಸಣ್ಣ ಬರಹ ಮಾಡಿ, ಐದು ಕಾಗದದಲ್ಲಿ ಕೊಟ್ಟೆ.

ಮೊದಲನೆಯದು ಹೀಗಿತ್ತು: "ಸುರಂಗ ಎಂದರೆ ಗುಡ್ಡದ ಬದಿಯಲ್ಲಿ ಅಡ್ಡಕ್ಕೆ ತೋಡಿದ ನೀರಿನ ದಾರಿ. ಅಗಲ ಸುಮಾರು ಎರಡು ಅಡಿ. ಎತ್ತರ ಒಬ್ಬರು ನಡೆದು ಹೋಗುವಷ್ಟು. ಗೋಡೆಯೆಲ್ಲ ಮುರಕಲ್ಲು (ಜಂಬಿಟ್ಟಿಗೆ). ಒಳಗೆ ಕತ್ತಲು, ತಂಪು. ಕೆಲವು ಸುರಂಗ ಹತ್ತು ಮೀಟರಿಗೇ ಮುಗಿಯುತ್ತವೆ. ಕೆಲವು 300 ಮೀಟರ್ ವರೆಗೂ ಹೋಗುತ್ತವೆ." ಪ್ರಶ್ನೆ ಯಾವುದು? "ಸುರಂಗ ಹೇಗುಂಟು?" ಇದು ವರ್ಣನೆ.

ಎರಡನೆಯದು: "ಮೊದಲು ಜಾಗ ನೋಡುತ್ತಾರೆ. ಪಿಕ್ಕಾಸಿನಿಂದ ಕಡಿದು, ಮಣ್ಣನ್ನು ಬುಟ್ಟಿಗೆ ತುಂಬಿ, ಹೊರಗೆ ತಂದು ಹಾಕುತ್ತಾರೆ. ಒಳಗೆ ಹೋಗುತ್ತಾ ನೇರಕ್ಕೆ ಇದೆಯೇ ಅಂತ ನೋಡಿಕೊಳ್ಳುತ್ತಾರೆ. ನೀರು ಸಿಕ್ಕಿದ ಮೇಲೆ ಕಣಿ ಮಾಡಿ ಕೆರೆಗೆ ಬಿಡುತ್ತಾರೆ." ಪ್ರಶ್ನೆ: "ಸುರಂಗ ತೋಡುವುದು ಹೇಗೆ?" ಇದು ಕ್ರಮ. ಒಂದಾದ ಮೇಲೆ ಒಂದು.

ಮೂರನೆಯದು ಬಾವಿ ಮತ್ತು ಸುರಂಗದ ಹೋಲಿಕೆ. "ಬಾವಿ ಕೆಳಕ್ಕೆ ಹೋದರೆ ಸುರಂಗ ಅಡ್ಡಕ್ಕೆ ಹೋಗುತ್ತದೆ. ಬಾವಿಯ ನೀರನ್ನು ಸೇದಬೇಕು, ಇಲ್ಲವೇ ಪಂಪು ಇಡಬೇಕು. ಸುರಂಗದ ನೀರು ತಾನಾಗಿ ಹರಿದು ಬರುತ್ತದೆ. ಎರಡಕ್ಕೂ ನೀರು ಕೊಡುವುದು ಮಳೆಯೇ."

ನಾಲ್ಕನೆಯದರಲ್ಲಿ ಕಾರಣ ಇತ್ತು. "ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿಯುತ್ತದೆ. ಕೆಳಗೆ ಜೇಡಿ ಮಣ್ಣಿನ ಪದರ ಸಿಕ್ಕಿದರೆ ಮುಂದೆ ಇಳಿಯಲು ಆಗುವುದಿಲ್ಲ. ಹಾಗಾಗಿ ಅದರ ಮೇಲೆ ಸೇರಿಕೊಳ್ಳುತ್ತದೆ. ಸುರಂಗ ಆ ಜಾಗವನ್ನು ಮುಟ್ಟಿದ್ದರಿಂದ ನೀರು ಒಸರುತ್ತದೆ. ನೆಲ ಬಾಯಿಯ ಕಡೆಗೆ ಸ್ವಲ್ಪ ಇಳಿಜಾರಾಗಿರುವುದರಿಂದ ಹೊರಗೆ ಹರಿದು ಬರುತ್ತದೆ." ಪ್ರಶ್ನೆ: "ಗುಡ್ಡದೊಳಗಿಂದ ನೀರು ಬರುವುದು ಎಂತಕ್ಕೆ?"

ಐದನೆಯದು: "ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಗುಡ್ಡ ಇಳಿಜಾರು, ಸಮುದ್ರ ಹತ್ತಿರ. ನೀರು ನಿಲ್ಲುವುದಿಲ್ಲ. ಎಪ್ರಿಲಿನಲ್ಲಿ ತೋಟಕ್ಕೆ ನೀರಿಲ್ಲ. ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯಗಳಲ್ಲಿ ಸುರಂಗ ಒಂದು. ತೋಡಿಗೆ ಅಡ್ಡವಾಗಿ ಹಾಕುವ ಕಟ್ಟ ಇನ್ನೊಂದು. ನೀರು ನಿಲ್ಲಿಸುವ ಮದಕ ಮತ್ತೊಂದು." ಇದು ಸಮಸ್ಯೆ ಮತ್ತು ಪರಿಹಾರ.

ಐದೂ ಕಾಗದದಲ್ಲಿ ವಿಷಯ ಸುರಂಗವೇ. ಆದರೆ ಐದೂ ಬೇರೆ. ವಿಷಯ ಬೇರೆ, ವಿಷಯದ ಬಗ್ಗೆ ಹೇಳುವ ರೀತಿ ಬೇರೆ ಅಂತ ಮಕ್ಕಳಿಗೆ ಕಂಡದ್ದು ಅವತ್ತೇ. ಆರು ಪಾಠ ಮಾಡಿದರೂ ಬಾರದ್ದು ಐದು ಚೂರು ಕಾಗದದಲ್ಲಿ ಬಂತು.

ಇದು ನನ್ನ ಕಂಡುಹಿಡಿತವೇನೂ ಅಲ್ಲ. ಬಾನಿ ಮೇಯರ್ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಿಂದಲೇ ಇದರ ಮೇಲೆ ಕೆಲಸ ಮಾಡಿದರು. ಮೇಲೆ ಹೇಳಿದ ಬಗೆಗಳನ್ನು ಹೆಚ್ಚುಕಡಿಮೆ ಹೀಗೇ ವಿಂಗಡಿಸಿದವರು ಅವರು. 1980ರಲ್ಲಿ ಅವರು ಮತ್ತು ಜೊತೆಗಾರರು ಒಂಬತ್ತನೇ ತರಗತಿಯ ಮಕ್ಕಳಿಗೆ ಬರಹ ಓದಿಸಿ, ನೆನಪಿದ್ದಷ್ಟನ್ನು ಬರೆಯಲು ಹೇಳಿದ ಅಧ್ಯಯನ ಪ್ರಕಟವಾಯಿತು. ಬರೆದವರ ಹೆಣಿಗೆಯನ್ನೇ ಹಿಡಿದು ಬರೆದ ಮಕ್ಕಳಿಗೆ ಜಾಸ್ತಿ ನೆನಪಿತ್ತು. ಹೆಣಿಗೆ ಹಿಡಿಯದವರು ಒಂದೊಂದೇ ಮಾತನ್ನು ಪಟ್ಟಿ ಮಾಡಿದ ಹಾಗೆ ಬರೆದರು, ಅವರಿಗೆ ನೆನಪಿದ್ದದ್ದು ಕಡಿಮೆ. ಓದಿದಾಗ ನನಗೆ ನಮ್ಮ ಪರೀಕ್ಷೆಯ ಉತ್ತರ ಪತ್ರಿಕೆಗಳೇ ಕಣ್ಣೆದುರು ಬಂದವು.

ಚಿಕ್ಕ ಮಕ್ಕಳಿಗೆ ಇದೆಲ್ಲ ಜಾಸ್ತಿ ಆಗುವುದಿಲ್ಲವೇ ಅಂತ ಕೆಲವು ಟೀಚರುಗಳು ಕೇಳುತ್ತಾರೆ. ಜೋವಾನಾ ವಿಲಿಯಮ್ಸ್ ಅನ್ನುವ ಇನ್ನೊಬ್ಬ ಸಂಶೋಧಕಿ ಎರಡನೇ ತರಗತಿಯ ಮಕ್ಕಳಿಗೆ ಪ್ರಾಣಿಗಳ ಪಾಠ ಇಟ್ಟುಕೊಂಡು ಹೋಲಿಕೆಯ ಹೆಣಿಗೆಯನ್ನು ನೇರವಾಗಿ ಕಲಿಸಿದರು. ಆ ಸಣ್ಣ ಮಕ್ಕಳು ಅದನ್ನು ಕಲಿತರು, ಹೊಸ ಹೋಲಿಕೆಯ ಪಾಠ ಕೊಟ್ಟಾಗಲೂ ಬಳಸಿದರು. ಪ್ರಾಣಿಗಳ ವಿಷಯ ಕಲಿಯುವುದೇನೂ ಅದರಿಂದ ಕಡಿಮೆಯಾಗಲಿಲ್ಲ. ಹಾಗಾಗಿ ಎಲ್.ಪಿ. (ಒಂದರಿಂದ ನಾಲ್ಕು) ತರಗತಿಯಲ್ಲೇ ಶುರು ಮಾಡಬಹುದು. ಮೂರನೇ ಕ್ಲಾಸಿಗೆ ವರ್ಣನೆ ಮತ್ತು ಕ್ರಮ ಸಾಕು. ಹೋಲಿಕೆ ನಾಲ್ಕರಲ್ಲಿ. ಕಾರಣ ಯು.ಪಿ.ಗೆ, ಅಂದರೆ ಐದನೇ ಕ್ಲಾಸಿಗೆ, ಬಂದ ಮೇಲೆ. ಸಮಸ್ಯೆ–ಪರಿಹಾರವನ್ನು ನಾನು ಕೊನೆಗೆ ಇಡುತ್ತೇನೆ, ಯಾಕೆಂದರೆ ಅದರ ಹೊಟ್ಟೆಯಲ್ಲಿ ಕಾರಣವೂ ಇರುತ್ತದೆ. ಕಾರಣ ಹಿಡಿಯಲು ಬಾರದ ಮಗುವಿಗೆ ಪರಿಹಾರ ಯಾಕೆ ಪರಿಹಾರ ಅಂತ ತಿಳಿಯುವುದಿಲ್ಲ.

ಈಗ ನನಗೆ ತುಂಬ ಮುಖ್ಯ ಅನಿಸುವ ಮಾತಿಗೆ ಬರುತ್ತೇನೆ.

ಇಂಗ್ಲಿಷ್ ಕಲಿಸುವವರು ಹೆಣಿಗೆ ಗುರುತಿಸಲು 'ಸೂಚನಾ ಪದ'ಗಳ ಪಟ್ಟಿ ಕೊಡುತ್ತಾರೆ. ಕಾರಣಕ್ಕೆ ಇಂಥ ಪದ, ಹೋಲಿಕೆಗೆ ಇಂಥ ಪದ. ಅದನ್ನೇ ಕನ್ನಡಕ್ಕೆ ತಿರುಗಿಸಿ ಗೋಡೆಗೆ ಅಂಟಿಸಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಯಾಕೆಂದರೆ ಕನ್ನಡದಲ್ಲಿ ಸೂಚನೆ ಎಷ್ಟೋ ಸಲ ಬೇರೆ ಪದವಾಗಿ ಇರುವುದೇ ಇಲ್ಲ. ಪದದ ಬಾಲದಲ್ಲಿ ಅಂಟಿಕೊಂಡಿರುತ್ತದೆ. 'ಹಾಗಾಗಿ', 'ಆದ್ದರಿಂದ', 'ಕಾರಣ' ಅನ್ನುವ ಪದಗಳನ್ನು ಮಗು ಹುಡುಕುತ್ತಾ ಕೂತರೆ, 'ಮುಟ್ಟಿದ್ದರಿಂದ' ಅನ್ನುವುದರ ಕೊನೆಯ ತುಂಡು ಕಣ್ಣಿಗೆ ಬೀಳುವುದಿಲ್ಲ.

ಇನ್ನೂ ಸಣ್ಣ ಬಾಲಗಳಿವೆ. "ಗಾಳಿಗೆ ಮರ ಬಿತ್ತು." "ಮಳೆಗೆ ಗೋಡೆ ಕುಸಿಯಿತು." "ಬಿಸಿಲಿಗೆ ಅಡಿಕೆ ಒಣಗಿತು." ಇಲ್ಲಿ ಕಾರಣ ಇರುವುದು ಒಂದು 'ಗೆ'ಯಲ್ಲಿ. ಅದೇ 'ಗೆ' "ಪೇಟೆಗೆ ಹೋದ" ಅನ್ನುವಲ್ಲಿ ಕಾರಣ ಅಲ್ಲ. 'ಇಂದ' ಕೂಡ ಹಾಗೆಯೇ. "ಕುಂಬಳೆಯಿಂದ ಬಂದ" ಅಂದರೆ ಜಾಗ. "ಪಿಕ್ಕಾಸಿನಿಂದ ಕಡಿದ" ಅಂದರೆ ಹತ್ಯಾರು. "ಜ್ವರದಿಂದ ಮಲಗಿದ" ಅಂದರೆ ಕಾರಣ. ಮೂರಕ್ಕೂ ಒಂದೇ ಬಾಲ. ಬಾಲ ಕಂಡ ಕೂಡಲೇ ಹೆಸರು ಹೇಳಬಾರದು, ಮುಂದಿನ ಮಾತಿನ ಜೊತೆ ಸೇರಿಸಿ ನೋಡಬೇಕು ಅಂತ ಮಕ್ಕಳಿಗೆ ಹೇಳಿಕೊಡಬೇಕಾಗುತ್ತದೆ. ಒಮ್ಮೆ ಹೇಳಿಕೊಟ್ಟರೆ ಸಾಕು, ಆಮೇಲೆ ಅವರೇ ಹುಡುಕಿ ತರುತ್ತಾರೆ. "ಟೀಚರ್, ಹಸಿವೆಗೆ ಅತ್ತಿತು, ಇದು ಕಾರಣದ 'ಗೆ' ಅಲ್ವಾ?" ಅಂತ ಒಬ್ಬಳು ಕೇಳಿದಾಗ ನನಗೆ ಆದ ಖುಷಿ ಹೇಳತೀರದು.

ಕ್ರಮದ ಕಥೆ ಇನ್ನೂ ಚೆನ್ನಾಗಿದೆ. 'ಮೊದಲು', 'ನಂತರ', 'ಕೊನೆಗೆ' ಅನ್ನುವ ಪದಗಳು ಒಂದೂ ಇಲ್ಲದೆ ಕನ್ನಡ ಕ್ರಮ ಹೇಳಿಬಿಡುತ್ತದೆ. "ಹಲಸಿನಕಾಯಿ ಕೊಯ್ದು, ಸೊಳೆ ಬಿಡಿಸಿ, ಬೇಯಿಸಿ, ಕಡೆದು, ಹಚ್ಚಿ, ಒಣಗಿಸಿದರೆ ಹಪ್ಪಳ." ಒಂದು ವಾಕ್ಯ, ಆರು ಕೆಲಸ, ಕ್ರಮ ಪಕ್ಕಾ. ಈ ಸರಪಳಿ ಕ್ರಿಯಾಪದಗಳೇ ನಮ್ಮ ಸೂಚನೆ. ನಾನು ಮಕ್ಕಳಿಗೆ ಇಂಥ ವಾಕ್ಯ ಕೊಟ್ಟು ಪ್ರತಿ ಕೆಲಸದ ಕೆಳಗೆ 1, 2, 3 ಅಂತ ಬರೆಯಲು ಹೇಳುತ್ತೇನೆ.

'ರೆ' ಇದೆಯಲ್ಲ, ಅದು ನಿಜವಾಗಿ ಕಾಡುವ ಬಾಲ. "ಮಳೆ ಬಂದರೆ ಆಟ ಇಲ್ಲ" ಅಂದರೆ ಷರತ್ತು. ಆದರೆ ಮೇಲೆ ನಾನು ಬರೆದದ್ದು ನೋಡಿ: "ಬಾವಿ ಕೆಳಕ್ಕೆ ಹೋದರೆ ಸುರಂಗ ಅಡ್ಡಕ್ಕೆ ಹೋಗುತ್ತದೆ." ಒಬ್ಬ ಹುಡುಗ ಇದನ್ನು ಓದಿ, ಬಾವಿಯನ್ನು ಕೆಳಕ್ಕೆ ತೋಡಿದರೆ ಮಾತ್ರ ಸುರಂಗ ಅಡ್ಡಕ್ಕೆ ಹೋಗುತ್ತದೆ ಅಂತ ತಿಳಿದುಕೊಂಡಿದ್ದ. ಅವನ ತಪ್ಪೇನೂ ಇಲ್ಲ. ಇಲ್ಲಿ 'ರೆ' ಹೋಲಿಕೆಯ ಕೆಲಸ ಮಾಡುತ್ತಿದೆ ಅಂತ ಅವನಿಗೆ ಯಾರು ಹೇಳಿದ್ದರು? ಪಠ್ಯಪುಸ್ತಕಗಳಲ್ಲಿ, ಪೇಪರಿನಲ್ಲಿ ಈ ಹೋಲಿಕೆಯ 'ರೆ' ತುಂಬ ಬರುತ್ತದೆ. "ಉತ್ತರದಲ್ಲಿ ಗೋಧಿ ಬೆಳೆದರೆ ದಕ್ಷಿಣದಲ್ಲಿ ಭತ್ತ ಬೆಳೆಯುತ್ತಾರೆ." ಮಾತಿನಲ್ಲಿ ನಾವು ಹೀಗೆ ಹೇಳುವುದು ಕಡಿಮೆ, ಬರಹದಲ್ಲೇ ಜಾಸ್ತಿ. ಹಾಗಾಗಿ ಕಿವಿಯಿಂದ ಕಲಿಯಲು ಆಗುವುದಿಲ್ಲ, ಕೂತು ತೋರಿಸಲೇಬೇಕು. ನಾನು ಮಾಡುವುದು ಇಷ್ಟೇ: 'ರೆ' ತೆಗೆದು ವಾಕ್ಯವನ್ನು ಎರಡು ಮಾಡಿ, ನಡುವೆ 'ಆದರೆ' ಹಾಕಿ ಓದಿಸುವುದು. ಬಾವಿ ಕೆಳಕ್ಕೆ ಹೋಗುತ್ತದೆ, ಆದರೆ ಸುರಂಗ ಅಡ್ಡಕ್ಕೆ ಹೋಗುತ್ತದೆ. ಅರ್ಥ ಕೆಡದಿದ್ದರೆ ಅದು ಹೋಲಿಕೆ. "ಮಳೆ ಬರುತ್ತದೆ, ಆದರೆ ಆಟ ಇಲ್ಲ" ಅಂತ ಮಾಡಿದರೆ ಅರ್ಥವೇ ಬೇರೆಯಾಗುತ್ತದೆ. ಅದು ಷರತ್ತು.

ನಮ್ಮಲ್ಲಿ ಇನ್ನೊಂದು ಸಂಗತಿ ಇದೆ. ಕ್ಲಾಸಿನಲ್ಲಿ ಕನ್ನಡ, ಮನೆಯಲ್ಲಿ ತುಳುವೋ ಹವ್ಯಕವೋ ಮಲಯಾಳವೋ ಕೊಂಕಣಿಯೋ ಮರಾಠಿಯೋ. ಇದನ್ನು ಕೊರತೆ ಅಂತ ಹೇಳುವವರಿದ್ದಾರೆ. ನನಗೆ ಹಾಗೆ ಅನಿಸಿಲ್ಲ. 'ಆದುದರಿಂದ' ಅನ್ನುವ ಪುಸ್ತಕದ ಪದ ಎದುರಾದಾಗ, "ಮನೆಯಲ್ಲಿ ಇದನ್ನು ಎಂತ ಹೇಳ್ತೀರಿ?" ಅಂತ ಕೇಳಿದರೆ ತುಳುವಿನ ಮಗು 'ಅಂಚಾದ್' ಅನ್ನುತ್ತದೆ, ಹವ್ಯಕರ ಮಗು 'ಹಾಂಗಾಗಿ' ಅನ್ನುತ್ತದೆ, ಮಲಯಾಳದ ಮಗು 'ಅದುಕೊಂಡ್' ಅನ್ನುತ್ತದೆ. ಆ ಕ್ಷಣದಲ್ಲಿ ಹೆಣಿಗೆ ಮೂರೂ ಮಕ್ಕಳಿಗೆ ಕಂಡುಬಿಡುತ್ತದೆ. ಕಾರಣ ಹೇಳುವುದು ಅವರಿಗೆ ಹೊಸದೇನಲ್ಲ. ಪದ ಮಾತ್ರ ಹೊಸದು.

ಇನ್ನು ಕೈಕೆಲಸದ ವಿಷಯ. ನನಗೆ ಅತಿ ಉಪಯೋಗಕ್ಕೆ ಬಂದದ್ದು ಕತ್ತರಿ. ಒಂದು ಬರಹವನ್ನು ವಾಕ್ಯವಾಕ್ಯವಾಗಿ ಕತ್ತರಿಸಿ, ಕಲಸಿ, ಮಕ್ಕಳಿಗೆ ಕೊಡಿ. ಜೋಡಿಸಲಿ. ವರ್ಣನೆಯ ತುಂಡುಗಳನ್ನು ನಾಲ್ಕು ಗುಂಪು ನಾಲ್ಕು ರೀತಿ ಜೋಡಿಸುತ್ತವೆ, ಹೆಚ್ಚೇನೂ ಕೆಡುವುದಿಲ್ಲ. ಅಗಲ ಮೊದಲು ಹೇಳಿದರೇನು, ಕತ್ತಲು ಮೊದಲು ಹೇಳಿದರೇನು? ಕ್ರಮದ ತುಂಡುಗಳನ್ನು ತಪ್ಪಾಗಿ ಜೋಡಿಸಿದರೆ ಕೆಲಸವೇ ಕೆಡುತ್ತದೆ.

ಇದಕ್ಕೆ ನಾನು ಬೋರ್ಡೋ ದ್ರಾವಣದ ಸೂಚನೆ ಬಳಸುತ್ತೇನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಮದ್ದು ಬಿಡುವುದು ಈ ಮಕ್ಕಳು ಕಣ್ಣಾರೆ ಕಂಡದ್ದು. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ ಕರಗಿಸುವುದು. ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಉಳಿದ 50 ಲೀಟರಿನಲ್ಲಿ ಕಲಸಿ ಸೋಸುವುದು. ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಹೊಯ್ಯುವುದು. ಕೊನೆಗೆ ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡುವುದು. ಕೆಂಪು ಹಿಡಿದರೆ ಸುಣ್ಣ ಕಡಿಮೆಯಾಗಿದೆ, ಇನ್ನೂ ಹಾಕಬೇಕು. ಕತ್ತಿ ಅದ್ದುವ ತುಂಡನ್ನು ಒಂದು ಗುಂಪು ಎಲ್ಲಕ್ಕಿಂತ ಮೊದಲು ಇಟ್ಟಿತು. ಅವರದೇ ಕ್ಲಾಸಿನ ಹುಡುಗಿ ಎದ್ದು, "ಹೊಯ್ಯದೆ ಕತ್ತಿ ಎಲ್ಲಿಗೆ ಅದ್ದುವುದು ಮಾರಾಯ?" ಅಂದಳು. ಕ್ರಮ ಅಂದರೆ ಏನು ಅಂತ ನಾನು ಬೇರೆ ಹೇಳಬೇಕಾಗಲಿಲ್ಲ.

ಅದೇ ಕೊಳೆರೋಗದ ಬಗ್ಗೆ ಕಾರಣದ ಬರಹ ಕೊಟ್ಟರೆ ಇನ್ನೊಂದು ಬಗೆಯ ತಿಳಿವು ಬರುತ್ತದೆ. ಎಡೆಬಿಡದ ಮಳೆ, ತೋಟದಲ್ಲಿ ತೇವ, ರೋಗಾಣುವಿಗೆ ಹಿತ, ಎಳೆ ಅಡಿಕೆಗೆ ಸೋಂಕು, ಕಾಯಿ ಉದುರು. ಇದೂ ಒಂದಾದ ಮೇಲೆ ಒಂದು ಬರುತ್ತದೆ, ಕ್ರಮದ ಹಾಗೇ ಕಾಣುತ್ತದೆ. ಬೇರೆ ಮಾಡುವುದು ಹೇಗೆ? ಎರಡು ತುಂಡುಗಳ ನಡುವೆ ಬೆರಳಿಟ್ಟು "ಎಂತಕ್ಕೆ?" ಅಂತ ಕೇಳಿ ನೋಡಬೇಕು. ಕಾಯಿ ಉದುರಿದ್ದು ಎಂತಕ್ಕೆ? ಹಿಂದಿನ ತುಂಡು ಉತ್ತರ ಕೊಡುತ್ತದೆ. ಸುಣ್ಣ ಕಲಸಿದ್ದು ಎಂತಕ್ಕೆ? ಮೈಲುತುತ್ತು ಕರಗಿಸಿದ್ದಕ್ಕೆ ಅಂತ ಉತ್ತರ ಬರುವುದಿಲ್ಲ. ಹಾಗಾದರೆ ಅದು ಬರೀ ಕ್ರಮ.

ಚಿತ್ರ ಬಿಡಿಸುವುದೂ ಒಳ್ಳೆಯದು. ಆದರೆ ಅಚ್ಚು ಹಾಕಿದ ಚೌಕಟ್ಟುಗಳನ್ನು ಹಂಚುವುದಕ್ಕಿಂತ ಮಕ್ಕಳೇ ಆಕಾರ ಹುಡುಕಲಿ. ಕ್ರಮಕ್ಕೆ ಒಬ್ಬ ಮೆಟ್ಟಿಲು ಬಿಡಿಸಿದ. ಕಾರಣಕ್ಕೆ ಒಬ್ಬಳು ಸಣ್ಣ ಸಣ್ಣ ತೋಡುಗಳು ಬಂದು ಹೊಳೆಗೆ ಸೇರುವ ಹಾಗೆ ಬಿಡಿಸಿದಳು. ಹಲವು ಕಾರಣ, ಒಂದು ಪರಿಣಾಮ. ನನಗೆ ಹೊಳೆಯದ ಚಿತ್ರ ಅದು. ಈಗ ಪ್ರತಿ ವರ್ಷ ಅದನ್ನೇ ಬೋರ್ಡಿನಲ್ಲಿ ಬರೆಯುತ್ತೇನೆ. ಹೋಲಿಕೆಗೆ ತಕ್ಕಡಿ. ತಕ್ಕಡಿ ಯಾಕೆ ಒಳ್ಳೆಯದೆಂದರೆ, ಎರಡು ತಟ್ಟೆಗೂ ಒಂದೇ ಅಳತೆ ಬೇಕು. ಬಾವಿಯ ಆಳ ಹೇಳಿ, ಸುರಂಗದ ತಂಪು ಹೇಳಿದರೆ ಅದು ಹೋಲಿಕೆಯಲ್ಲ. ಆಳಕ್ಕೆ ಉದ್ದ ಬರಬೇಕು. ನೀರೆತ್ತುವ ಕಷ್ಟಕ್ಕೆ ನೀರು ಹರಿಯುವ ಸುಲಭ ಬರಬೇಕು. ಮಕ್ಕಳ ಹೋಲಿಕೆಯ ಉತ್ತರಗಳು ಹೆಚ್ಚಾಗಿ ತಪ್ಪುವುದು ಇಲ್ಲಿಯೇ.

ಇಸವಿಗಳ ವಿಷಯದಲ್ಲಿ ಒಂದು ಎಚ್ಚರ. ಬರಹದಲ್ಲಿ ಇಸವಿ ಕಂಡರೆ ಮಕ್ಕಳು ಥಟ್ಟನೆ "ಕ್ರಮ" ಅಂದುಬಿಡುತ್ತಾರೆ. "ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರ 1916ರಲ್ಲಿ ಶುರುವಾಯಿತು, 1970ರಲ್ಲಿ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು" ಅಂದರೆ ಹೌದು, ಕ್ರಮ. ಆದರೆ "1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಮೇಲೆ ಕೇರಳಕ್ಕೆ ಸೇರಿತು. ಇಲ್ಲಿ ಇಂದಿಗೂ ಕನ್ನಡ ಶಾಲೆಗಳಿರುವುದು ಹೀಗೆ" ಅಂತ ಬರೆದರೆ, ಇಸವಿ ಇದ್ದರೂ ಪ್ರಶ್ನೆ ಬೇರೆ. ಕೇರಳದಲ್ಲಿ ಕನ್ನಡ ಶಾಲೆ ಎಂತಕ್ಕೆ ಇದೆ ಅನ್ನುವುದು ಪ್ರಶ್ನೆ. ನಮ್ಮ ಮಕ್ಕಳು ಹೊರಗಿನವರಿಂದ ಇದನ್ನು ಎಷ್ಟು ಸಲ ಕೇಳಿಸಿಕೊಂಡಿಲ್ಲ! ಆ ಬರಹ ಅವರಿಗೆ ಬೇಗ ಅರ್ಥವಾಗುತ್ತದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ನಿಜವಾದ ಬರಹ ಒಂದೇ ಹೆಣಿಗೆಯಲ್ಲಿ ಇರುವುದು ಅಪರೂಪ. ಬೇಕಲ ಕೋಟೆಯ ಬಗ್ಗೆ ಒಂದು ಲೇಖನ ತೆಗೆದರೆ, ಒಂದು ಕಡೆ ಕೆಳದಿಯ ಶಿವಪ್ಪ ನಾಯಕನ ಕಾಲದ ಮಾತು, ಒಂದು ಕಡೆ 40 ಎಕರೆಯ ಕೋಟೆಯೊಳಗೆ ಏನೇನಿದೆ ಅಂತ ವರ್ಣನೆ, ಇನ್ನೊಂದು ಕಡೆ ಕಡಲ ದಡದಲ್ಲೇ ಯಾಕೆ ಕಟ್ಟಿದರು ಅನ್ನುವ ಕಾರಣ. ಹೀಗಿರುವಾಗ "ಈ ಪಾಠದ ಹೆಣಿಗೆ ಯಾವುದು? ಸರಿ ಉತ್ತರಕ್ಕೆ ಗುರುತು ಹಾಕಿ" ಅಂತ ಪ್ರಶ್ನೆ ಕೊಡುವುದು ಮಕ್ಕಳಿಗೆ ಮಾಡುವ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಹೆಸರು ಹೇಳಿಸುವುದರಲ್ಲಿ ಏನೂ ಇಲ್ಲ. ಪ್ಯಾರಾ ಪ್ಯಾರಾಕ್ಕೆ ಪಕ್ಕದಲ್ಲಿ ಪ್ರಶ್ನೆ ಬರೆಸಿ. 'ಯಾರು ಕಟ್ಟಿದ್ದು?' 'ಒಳಗೆ ಎಂತ ಉಂಟು?' 'ಅಲ್ಲೇ ಎಂತಕ್ಕೆ?' ಆಮೇಲೆ ಆ ಸಣ್ಣ ಪ್ರಶ್ನೆಗಳನ್ನೆಲ್ಲ ನೋಡಿ, ಇಡೀ ಲೇಖನದ ದೊಡ್ಡ ಪ್ರಶ್ನೆ ಯಾವುದು ಅಂತ ಕೇಳಿ. ಇಬ್ಬರು ಮಕ್ಕಳು ಬೇರೆ ಬೇರೆ ಹೇಳಿದರೆ ಹೇಳಲಿ. ಪುಟಕ್ಕೆ ಬೆರಳಿಟ್ಟು ವಾದ ಮಾಡಲಿ. ಪುಟಕ್ಕೆ ಬೆರಳಿಡಬೇಕು ಅನ್ನುವುದು ನನ್ನ ಕ್ಲಾಸಿನ ಒಂದೇ ನಿಯಮ.

ತಲೆಬರಹ, ಉಪಶೀರ್ಷಿಕೆ, ಚಿತ್ರದ ಅಡಿಬರಹ ಇವೆಲ್ಲ ಹೆಣಿಗೆಯಲ್ಲ, ಹೆಣಿಗೆ ಹುಡುಕಲು ಸಹಾಯ ಮಾಡುವ ಗುರುತುಗಳು. ಎರಡನ್ನೂ ಕಲಸಿ ಕಲಿಸುವುದು ಬೇಡ.

ಓದಿ ಗುರುತಿಸುವುದು ಬಂದ ಮೇಲೆ ಬರೆಸಬೇಕು. ಒಂದೇ ವಿಷಯ ಕೊಟ್ಟು ಬೇರೆ ಬೇರೆ ಪ್ರಶ್ನೆಗೆ ಉತ್ತರ ಬರೆಸುವುದು. ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರ ವಿಷಯ ನಾವು ಒಂದು ವರ್ಷ ತೆಗೆದುಕೊಂಡೆವು. ಬೋಳುಗುಡ್ಡದ ಜಾಗದಲ್ಲಿ ಒಬ್ಬರೇ ಸುರಂಗ ತೋಡಿದವರು. ಮೊದಲು ತೋಡಿದ್ದರಲ್ಲಿ ನೀರು ಸಿಗದಿದ್ದರೂ ಬಿಡದೆ ಮತ್ತೆ ತೋಡಿ, ಕೊನೆಗೆ ನೀರು ಕಂಡು, ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೆಚ್ಚಿನ ಮಕ್ಕಳು ಅದನ್ನು ಕಥೆಯಾಗಿ ಬರೆದರು. ಸರಿ. ನಾಲ್ಕು ಮಂದಿಗೆ ನಾನು, "ಸಮಸ್ಯೆ ಎಂತ, ಉಪಾಯ ಎಂತ, ಉಪಾಯ ಕೆಲಸ ಮಾಡಿದ್ದು ಎಂತಕ್ಕೆ ಅಂತ ಬರೆಯಿರಿ" ಅಂದೆ. ಅವರು ಬರೆದದ್ದರಲ್ಲಿ ಗುಡ್ಡದ ಇಳಿಜಾರು ಬಂತು, ಮುರಕಲ್ಲು ಬಂತು, ಪಂಪಿಲ್ಲದೆ ಹರಿಯುವ ನೀರು ಬಂತು. ಕಥೆ ಬರೆದವರಲ್ಲಿ ಅವು ಯಾವುವೂ ಇರಲಿಲ್ಲ. ಪ್ರಶ್ನೆ ಬದಲಾದರೆ ಮಗು ನೋಡುವ ಜಾಗವೇ ಬದಲಾಗುತ್ತದೆ.

ಇದಕ್ಕೆ ನಾನು ಇಷ್ಟು ಬೆಲೆ ಕೊಡುವುದಕ್ಕೆ ನಮ್ಮ ಊರಿನದೇ ಒಂದು ಕಾರಣ ಇದೆ. ಇಲ್ಲಿಯ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದರು. 2000ದ ಇಸವಿಯಲ್ಲಿ ಅದು ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದಕ್ಕೆ ತಡೆ ಹಾಕಿತು. ಆ ನಡುವಿನ ವರ್ಷಗಳಲ್ಲಿ ಸಮಿತಿಗಳ ಮುಂದೆ, ಕೋರ್ಟಿನ ಮುಂದೆ ಬಂದ ದೊಡ್ಡ ಪ್ರಶ್ನೆ ಏನು? ಇಲ್ಲಿಯ ಜನರಲ್ಲಿ, ಮಕ್ಕಳಲ್ಲಿ ಕಂಡ ಕಾಯಿಲೆಗಳು ಸಿಂಪಡಣೆಯ 'ನಂತರ' ಬಂದವೋ, ಸಿಂಪಡಣೆ'ಯಿಂದ' ಬಂದವೋ ಅನ್ನುವುದು. ಎರಡು ಸಣ್ಣ ಮಾತುಗಳು. ಅವುಗಳ ನಡುವಿನ ದೂರ ದಾಟಲು ಎಷ್ಟೋ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ವರ್ಷಗಟ್ಟಲೆ ಅಲೆದರು. ಆ ಎರಡು ಮಾತಿನ ವ್ಯತ್ಯಾಸ ನನ್ನ ಕ್ಲಾಸಿನ ಮಗುವಿಗೆ ಗೊತ್ತಿರಬೇಕು.

ಈ ವರ್ಷ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಮನೆಯ ಸುರಂಗದ ಬಗ್ಗೆ ಬರೆದು ತಂದಳು. ಕೊನೆಯ ವಾಕ್ಯ ಹೀಗಿತ್ತು: "ಬೋರ್‌ವೆಲ್ ತೆಗೆದ ಮೇಲೆ ಸುರಂಗ ಬತ್ತಿತು." ನಾನು 'ಮೇಲೆ' ಅನ್ನುವುದರ ಕೆಳಗೆ ಗೆರೆ ಎಳೆದು, "ಮೇಲೆಯೋ, ಇಂದವೋ?" ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ನಿಂತಳು. ಪುಸ್ತಕ ತೆಗೆದುಕೊಂಡು ಹೋಗಿ, ಅಜ್ಜನ ಹತ್ತಿರ ಕೇಳಲು ಮೂರು ಪ್ರಶ್ನೆ ಬರೆದುಕೊಂಡಳು. ಬೋರ್‌ವೆಲ್ ತೆಗೆದದ್ದು ಯಾವ ವರ್ಷ? ಸುರಂಗದ ನೀರು ಕಡಿಮೆಯಾಗಲು ಶುರುವಾದದ್ದು ಯಾವ ವರ್ಷ? ಆ ವರ್ಷ ಮಳೆ ಎಷ್ಟು ಬಂದಿತ್ತು? ಮೊದಲ ಎರಡಕ್ಕೆ ಉತ್ತರ ಸಿಕ್ಕಿದೆಯಂತೆ. ಮೂರನೆಯದಕ್ಕೆ ಅಜ್ಜ ಮಳೆ ಲೆಕ್ಕ ಬರೆದಿಟ್ಟ ಹಳೆಯ ಡೈರಿಯನ್ನು ಅಟ್ಟದಲ್ಲಿ ಹುಡುಕುತ್ತಿದ್ದಾರೆ.